ಒಂದು ‘ಬಹುದು’ವಿನ ಭಾರ

ಮಾನ್ಯ ನ್ಯಾಯಾಧೀಶರೇ,

ಜ್ಯೂರಿಯವರಿಗೆ ತಾವು ಓದಿ ಹೇಳಿದ ಒಂದು ‘ಬಹುದು’ ನನ್ನ ಗೆಳೆಯ ವರ್ಡೆಲ್ ಪಿಕೆನ್ಸ್‌ನನ್ನು ಅಪರಾಧಿ ಮಾಡಿದೆ. ಶುಕ್ರವಾರ ತಾವು ಅವನಿಗೆ ಶಿಕ್ಷೆ ವಿಧಿಸುತ್ತೀರಿ. ನಾನು ಏಳನೇ ತರಗತಿಗೇ ಶಾಲೆ ಬಿಟ್ಟವನು. ಆದರೆ ಕಿವಿ ನೆಟ್ಟಗಿದೆ.

ಬಫಲೋ ನಗರದ ನಮ್ಮ ಕೇರಿಗೆ ಟ್ಯಾಕ್ಸಿಯವರು ಬರುವುದಿಲ್ಲ. ಅದಕ್ಕೇ ನಾನು, ವರ್ಡೆಲ್, ಇನ್ನಷ್ಟು ಮುದುಕರು ದಿನಸಿ ಅಂಗಡಿಯ ಮುಂದೆ ಹಳೇ ಕಾರು ನಿಲ್ಲಿಸಿಕೊಂಡು, ಚೀಲ ಹೊತ್ತು ಬಂದವರನ್ನು ಬಾಡಿಗೆಗೆ ಮನೆ ಮುಟ್ಟಿಸುತ್ತೇವೆ. ಪರವಾನಗಿ ಇಲ್ಲ. ಪೊಲೀಸರು ತಡೆದರೆ ಹಿಂದೆ ಕೂತವರು ಏನನ್ನಬೇಕೆಂದು ಕೇರಿಗೆಲ್ಲ ಗೊತ್ತು. ವರ್ಡೆಲ್‌ನ ಕಾರನ್ನು ತಡೆದ ದಿನ ಹಿಂದೆ ಕೂತಿದ್ದ ನಮ್ಮ ಕೇರಿಯ ಅರ್ಲೀನಕ್ಕನೂ ಅದನ್ನೇ ಅಂದಳು: “ಬಾಡಿಗೆನಾ? ಅಯ್ಯೋ, ಇವ್ನು ನನ್ ತಮ್ಮ ಕಣ್ರೀ! ಈ ಥರ ಗಾಡಿ ಓಡ್ಸೋನಿಗೆ ಯಾರ್ ದುಡ್ಡು ಕೊಡ್ತಾರೆ?” ಆಮೇಲೆ ಅವಳ ಸೀಟಿನಡಿ ಪಿಸ್ತೂಲು ಸಿಕ್ಕಿತು. ಬೆಳಿಗ್ಗೆಯಿಂದ ಅಲ್ಲಿ ಯಾರ್ಯಾರು ಕೂತು ಎದ್ದಿದ್ದರೋ ದೇವರೇ ಬಲ್ಲ.

ಸಾಕ್ಷಿ ಕಟಕಟೆಯಲ್ಲಿ ಅವಳು ನಿಜ ಹೇಳಿದಳು. ಸರ್ಕಾರಿ ವಕೀಲರು ನಕ್ಕರು: “ಅವತ್ತು ತಮ್ಮ, ಇವತ್ತು ಡ್ರೈವರ್ರು. ನಾಳೆ ಏನಾಗ್ತಾನಮ್ಮ?”

“ನೀವು ಬಿಟ್ರೆ ಮನೆಗ್ ಹೋಗ್ತಾನಪ್ಪ.”

ಜ್ಯೂರಿಯಲ್ಲಿ ಒಬ್ಬರೂ ನಗಲಿಲ್ಲ. ನಮ್ಮನ್ನು ಕಾಯುತ್ತಿದ್ದ ಸುಳ್ಳೇ ಅವನನ್ನು ಮುಳುಗಿಸಿತು. ತಮ್ಮನಾದರೆ ಹಿಂದಿನ ಸೀಟಿನ ಗುಟ್ಟು ಗೊತ್ತಿರಲೇಬೇಕಲ್ಲ!

ಆಗ ತಾವು ಓದಿದಿರಿ: ಕಾರಿನಲ್ಲಿ ಪಿಸ್ತೂಲು ಸಿಕ್ಕರೆ ಅದು ಅದರಲ್ಲಿದ್ದವರ ವಶದಲ್ಲಿತ್ತೆಂದು ಊಹಿಸಬಹುದು, ಊಹಿಸಲೇಬೇಕೆಂದಿಲ್ಲ, ರುಜುವಾತಿನ ಹೊಣೆ ಸರ್ಕಾರದ್ದೇ. ಮೊದಲ ಮಾತು ಗಂಟೆಯಂತೆ ಕೇಳಿಸಿತು, ಉಳಿದವು ಕೆಮ್ಮಿನಂತೆ. ಪಿಸ್ತೂಲು ತನ್ನದಲ್ಲವೆಂದು ಅವನೇ ತೋರಿಸಬೇಕೇ ಎಂದು ಜ್ಯೂರಿಯವರು ಚೀಟಿ ಕಳಿಸಿ ಕೇಳಿದರು. ‘ಇಲ್ಲ’ ಅನ್ನಲು ತಮಗೆ ಎಷ್ಟು ಹೊತ್ತು ಬೇಕಿತ್ತು? ತಾವು ಅದೇ ಪುಟವನ್ನು ಅದೇ ರಾಗದಲ್ಲಿ ಮತ್ತೆ ಓದಿದಿರಿ. ಪರವಾನಗಿಯ ಟ್ಯಾಕ್ಸಿಯಾಗಿದ್ದರೆ ಡ್ರೈವರ್ ಮೇಲೆ ಈ ಊಹೆಯೇ ಇರುತ್ತಿರಲಿಲ್ಲವಂತೆ. ಪಿಸ್ತೂಲಿನ ಮೇಲೇ ಕೂತಿದ್ದ ಅರ್ಲೀನಕ್ಕನ ಬಗ್ಗೆ ಯಾರೂ ಏನೂ ಊಹಿಸಲಿಲ್ಲ, ಒಳ್ಳೆಯದೇ ಆಯಿತು. ಆದರೆ ಊಹೆಗೂ ಮುಖ ನೋಡುವ ಚಾಳಿ ಇದೆಯೇ?

ಈ ತೀರ್ಪನ್ನು ರದ್ದು ಮಾಡಿ. ಹೊಸ ಜ್ಯೂರಿಯನ್ನು ಕೂರಿಸಿ, ಅವರು ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡಿ. ತಾವು ಮಾಡುವುದಿಲ್ಲವೆಂದು ಗೊತ್ತು. ಗೊತ್ತಿದ್ದೂ ಬರೆಯುತ್ತಿದ್ದೇನೆ, ಬೇರೇನು ಮಾಡಲಿ? ಈಗ ಪ್ರತಿ ಸವಾರಿಯ ನಂತರ ಮಂಡಿಯೂರಿ ನನ್ನ ಸೀಟಿನಡಿ ಟಾರ್ಚು ಬಿಡುತ್ತೇನೆ. ಏನೂ ಇರುವುದಿಲ್ಲ. ಇಲ್ಲವೆಂದು ರುಜುವಾತು ಮಾಡುವುದು ಹೇಗೆ, ಅದನ್ನಾದರೂ ಹೇಳಿಕೊಡಿ.

ಇಂತಿ,
ಸದ್ಯಕ್ಕೆ ನಿರಪರಾಧಿಯೆಂದು ತಾವು ಊಹಿಸಬಹುದಾದ
ರೂಫಸ್ ಗೇದರ್ಸ್