ಹೊಳೆ ತಾಳುವಷ್ಟು

ಏಪ್ರಿಲ್ ೯, ಗುರುವಾರ

ಮೇಡಂ ಹೀಗೆ ಮಾಡುತ್ತಾರೆ ಎಂದು ಬೇರೆ ಯಾರಾದರೂ ಹೇಳಿದ್ದರೆ ಅವರ ಮೇಲೆ ಜಗಳಕ್ಕೇ ಹೋಗುತ್ತಿದ್ದೆ.

ನಮ್ಮ ಬಣ್ಣದ ಕಾರ್ಖಾನೆ ಹೊಳೆಯಿಂದ ಎತ್ತುವ ನೀರನ್ನು ಅಳೆಯುವುದು ನನ್ನ ಕೆಲಸ. ಅದನ್ನು ಕೈಹಿಡಿದು ಕಲಿಸಿದವರೇ ನಮ್ಮ ವಿಭಾಗದ ಮುಖ್ಯಸ್ಥೆಯಾದ ಮೇಡಂ. "ಹೋದ ವರ್ಷಕ್ಕಿಂತ ಕಡಿಮೆ ಅಂತ ಬೀಗಬೇಡ ಕಣೇ. ಹೊಳೆಗೆ ಎಷ್ಟು ಕೊಡೋಕಾಗುತ್ತೆ, ಅದನ್ನ ನೋಡು" ಎನ್ನುತ್ತಿದ್ದರು. ಹಾಗೆ ನೋಡಿದರೆ, ಈ ಬೇಸಿಗೆಯಲ್ಲಿ ಹೊಳೆ ತಾಳುವುದರ ಇಮ್ಮಡಿ ಎತ್ತಿದ್ದೇವೆ. ಹಾಗೆಂದೇ ಮೇಡಂಗೆ ಬರೆದುಕೊಟ್ಟಿದ್ದೆ.

ಇವತ್ತು ಹೊಳೆದಂಡೆಯ ಜನರನ್ನೆಲ್ಲ ಕಾರ್ಖಾನೆಗೆ ಕರೆಸಿದ್ದರು. ಮೇಡಂ ಎದ್ದು ನಿಂತು, "ಹೋದ ವರ್ಷಕ್ಕಿಂತ ಕಡಿಮೆ ನೀರು ತಗೊಂಡಿದ್ದೀವಿ, ಹೊಳೆಗೇನೂ ತೊಂದರೆ ಇಲ್ಲ" ಎಂದರು. ಸಾಲದ್ದಕ್ಕೆ, "ಅಳತೆ ಮಾಡಿದ್ದು ಇವಳೇ" ಎಂದು ನನ್ನ ಭುಜದ ಮೇಲೆ ಕೈಯಿಟ್ಟರು. ಮೈಯೆಲ್ಲ ಉರಿದುಹೋಯಿತು.

ಮುಂದಿನ ಸಾಲಿನಲ್ಲಿದ್ದ, ಮೀನು ಹಿಡಿಯುವ ಅಜ್ಜ ನನ್ನನ್ನೇ ಕೇಳಿದರು: "ಹೌದೇನಮ್ಮ? ನೀನು ಹೌದು ಅಂದ್ರೆ ನಂಬ್ತೀನಿ."

"ಇಲ್ಲ ಅಜ್ಜ, ತೊಂದರೆ ಇದೆ. ಹೊಳೆಗೆ ಕೊಡೋಕಾಗೋದಕ್ಕಿಂತ ಜಾಸ್ತಿ ಎತ್ತಿದ್ದೀವಿ" ಎಂದುಬಿಟ್ಟೆ.

ಸಭೆ ಗದ್ದಲದಲ್ಲೇ ಮುಗಿಯಿತು. ಮೇಡಂ ನನ್ನನ್ನು ಮೆಟ್ಟಿಲ ಹತ್ತಿರ ತಡೆದರು. ಅವರ ಕಣ್ಣು ತುಂಬಿಕೊಂಡಿತ್ತು. "ಎಲ್ಲರ ಕೆಲಸ ಉಳಿಸೋಕೆ ಒದ್ದಾಡ್ತಿದ್ದೆ. ಮಗಳ ಥರ ನೋಡ್ಕೊಂಡೆನಲ್ಲೇ ನಿನ್ನ. ಇಂಥಾ ದ್ರೋಹ ಮಾಡೋದಾ?"

ದ್ರೋಹ! ಅದು ನಾನು ಆಡಬೇಕಿದ್ದ ಮಾತು. ಅದನ್ನೂ ಅವರೇ ಕಿತ್ತುಕೊಂಡರು. ಅವರನ್ನು ದಾಟಿ ಮೆಟ್ಟಿಲಿಳಿದುಬಿಟ್ಟೆ.

ನಾಳೆ ಮತ್ತೆ ಅದೇ ಕೋಣೆ, ಎದುರುಬದುರು ಮೇಜು. ಬೆಳಿಗ್ಗೆ ಹೋದ ತಕ್ಷಣ ಅವರನ್ನು ಏನೆಂದು ಮಾತನಾಡಿಸಲಿ, ಇಲ್ಲ ಸುಮ್ಮನೆ ತಲೆ ತಗ್ಗಿಸಿ ಅಳತೆ ಬರೆಯುತ್ತಾ ಕೂರಲೇ, ಗೊತ್ತಾಗುತ್ತಿಲ್ಲ.