ತಾಯಿ ನುಸಿಯಿಂದ ಮರಿಗೆ

ಕಾಗದನಗರ, ಭದ್ರಾವತಿ
ಭಾನುವಾರ

ಶಿವಮೊಗ್ಗ ಆಲ್ಕೊಳದ ಡಾಕ್ಟರ್ ಅರುಂಧತಿ ಮೇಡಂ ಅವರಿಗೆ ಶೈಲಜಾ ಮಾಡುವ ನಮಸ್ಕಾರಗಳು.

ಜ್ವರ ಪೂರ್ತಿ ಬಿಟ್ಟಿದೆ. ಸೊಂಟದ ಹತ್ತಿರ ನೀವು ಹುಡುಕಿ ತೋರಿಸಿದ್ದ ಕಪ್ಪು ಹಕ್ಕಳೆಯೂ ಉದುರಿತು. ಅವತ್ತು ನೀವು, "ನುಸಿಮರಿ ಕಚ್ಚಿದೆ. ಆ ಮರಿಗೆ ರೋಗಾಣು ತಾಯಿಯಿಂದ ಮೊಟ್ಟೆಯಲ್ಲೇ ಬಂದಿರುತ್ತೆ" ಅಂದಿರಿ. ಕಣ್ಣಿಗೆ ಕಾಣದ ಆ ಪ್ರಾಣಿಯ ಮೊಟ್ಟೆ ಇನ್ನೆಷ್ಟು ಚಿಕ್ಕದಿರಬಹುದು ಅಂತ ದಿನವೂ ಯೋಚಿಸುತ್ತೇನೆ. ಆ ತಾಯಿಗೂ ಅದರ ತಾಯಿಯೇ ಕೊಟ್ಟಿದ್ದಾ? ಅವುಗಳಿಗೆ ಜ್ವರ ಬರೋದಿಲ್ವಾ?

ನನ್ನ ಜೊತೆ ಬಂದಿದ್ದ ಅತ್ತೆ ಶಂಕರಮ್ಮನವರ ಕಿವಿಗೆ ಬಿದ್ದದ್ದು "ತಾಯಿಯಿಂದ" ಅನ್ನೋದಷ್ಟೇ. ಎರಡು ವರ್ಷದ ನನ್ನ ಮಗಳು ಇಂಚರಳನ್ನು ಹದಿನೈದು ದಿನದಿಂದ ನನ್ನ ಹತ್ತಿರ ಬಿಟ್ಟಿಲ್ಲ. "ಅದು ನುಸಿಯ ವಿಷಯ ಅತ್ತೆ" ಅಂದರೆ, "ಸುಮ್ನಿರು ಮಾರಾಯ್ತಿ, ಮಗೂಗೆ ಬಂದ್ರೆ ಏನ್ಮಾಡ್ಲಿ?" ಅಂತ ಅತ್ತುಬಿಡುತ್ತಾರೆ. ಮಗು ಬಾಗಿಲಾಚೆ ನಿಂತು ಎತ್ತಿಕೋ ಅಂತ ಕೈ ಚಾಚುತ್ತೆ.

ಈ ಜ್ವರ ಮನುಷ್ಯರಿಂದ ಮನುಷ್ಯರಿಗೆ ಅಂಟೋದಿಲ್ಲ ಅಂತ ಎರಡು ಸಾಲು ಬರೆದುಕೊಡಿ ಮೇಡಂ. ನೀವು ಹೇಳಿದರೆ ಅತ್ತೆ ಕೇಳುತ್ತಾರೆ. ನಮ್ಮ ಯಜಮಾನರು ಮಂಗಳವಾರ ಶಿವಮೊಗ್ಗಕ್ಕೆ ಬರುತ್ತಾರೆ, ಅವರ ಕೈಲಿ ಕೊಡಿ.

ಆದರೆ ನುಸಿ ಎಲ್ಲಿಂದ ಹತ್ತಿತು ಅನ್ನೋದನ್ನು ದಯವಿಟ್ಟು ಬರೆಯಬೇಡಿ. ಖಾಲಿ ಕ್ವಾರ್ಟರ್ಸ್ ಹಿಂದಿನ ಹುಲ್ಲಲ್ಲಿ ಕೂತು ನಾನು ಗರಿಕೆ ಕಿತ್ತದ್ದು ಅತ್ತೆಯ ಪೂಜೆಗೆ. ಅವರೇ ಕಳಿಸಿದ್ದರು. ಅದಿನ್ನೂ ಅವರಿಗೆ ಹೊಳೆದಿಲ್ಲ. ಆ ಹುಲ್ಲನ್ನು ಕೊಯ್ಯಿಸಿ ಆಯಿತು. ಇನ್ನು ಗರಿಕೆ ಮಾರ್ಕೆಟ್ಟಿಂದಲೇ ತರಿಸುತ್ತೇನೆ.

ನಿಮ್ಮ ಉಪಕಾರ ಮರೆಯದ,
ಶೈಲಜಾ