ಕುಂಡದಲ್ಲಿ ಬಂಡೆಯ ತಂಡ

ಲೇ ಪರಮೇಶಿ,

ನೀನೇ ಗೆದ್ದೆ ಕಣ್ಲಾ! ಮಧುಗಿರಿ ಬೆಟ್ಟದ ಬಂಡೆಯಡಿ ನೀನು ಹಿಡಿದಿದ್ದ, ಮುಟ್ಟಿದರೆ ಗುಂಡಾಗುವ ಬೂದು ಹುಳ ಇಲ್ಲಿಯದೇ ಅಂತೆ. ನನ್ನ ಗುಲಾಬಿ ಕುಂಡದ್ದು ನರ್ಸರಿ ಮಣ್ಣಿನ ಜೊತೆ ಬಂದ ಪರದೇಶಿ. ಎರಡೂ ಒಂದೇ ಎಂದು ವಾದಿಸಿ, ಎಲ್ಲರೆದುರು ನಕ್ಕು, ನೀನು ಹುಳ ತುಂಬಿ ತಂದಿದ್ದ ಬೆಂಕಿಪೊಟ್ಟಣವನ್ನು ಆ ಕುಂಡಕ್ಕೇ ಸುರಿದವನು ನಾನು. ಆಮೇಲೆ ನೀನು ನಮ್ಮ ಮನೆಗೆ ಬರಲಿಲ್ಲ. ನಾನು ನಿಮ್ಮ ಮನೆಗೆ ಬಂದದ್ದು ನೀನು ಹೋದ ಮೇಲೆ, ನಿನ್ನ ಶಿವಗಣಾರಾಧನೆಗೆ.

ಇವತ್ತು ಹುಳಗಳ ಸರ್ವೆಗೆ ಬಂದ ಶಿರಾದ ತೇಜಸ್ವಿನಿ ಮೇಡಂ ಕುಂಡ ಕೆದಕಿ, "ಸಾರ್, ಇದ್ರಲ್ಲಿ ಎರಡು ಜಾತಿ ಐತೆ, ಬೆಟ್ಟದ್ದೂ ಇಲ್ಲೇ ಮರಿ ಮಾಡ್ಬುಟ್ಟೈತೆ!" ಎಂದರು. ಕುಂಡ ಹೊತ್ತು ನಿಮ್ಮ ಮನೆಗೆ ಓಡಿದೆ. ನಿನ್ನ ಮಗಳು ಲೋಹಿತಾ, "ಅಪ್ಪ ಇದ್ದಿದ್ರೆ ಕುಣಿಯೋರು ಮಾಮ" ಎಂದಳು.

ಜಗಲಿಯ ಮೇಲೆ ನಾನೇ ಕುಣಿದೆ. ನನಗಿರುವುದು ಎರಡೇ ಕಾಲು. ನಿನ್ನ ಹುಳದಂತೆ ಹದಿನಾಲ್ಕಿದ್ದಿದ್ದರೂ ಸಾಲುತ್ತಿರಲಿಲ್ಲ.

ನಿನ್ನ,
ಬಸವೇಶಿ